ಕೆಂಪು ಗುಳಿಗೆ

ತೇರಗಾಂವ ಹಳಿಯಾಳ ತಾಲೂಕಿನ ಊರು. ಅಲ್ಲಿನ ಶಾಲೆಯಲ್ಲಿ ಹೆಂಗಸರ ಆರೋಗ್ಯ ಶಿಬಿರ ನಡೆಯಿತು. ನಾನು ಸ್ವಯಂಸೇವಕಿ. ಹೆಸರು ಬರೆಯುವುದು, ಚೀಟಿ ಓದಿ ತಿಳಿಸುವುದು ನನ್ನ ಕೆಲಸ.

ಹೆಸರು ಬರೆಸಿದವರು ಬಹಳ ಜನ. ಒಳಗೆ ಹೋಗಲು ಮಾತ್ರ ಯಾರೂ ಏಳಲಿಲ್ಲ.

"ಗಂಡ ಡಾಕ್ಟರು ಅದಾರ. ಹೆಂಗ ಹೇಳೂದ್ರಿ ಅಕ್ಕೋರ?" ಎಂದರು.

ಆಗ ನಾನು ಐಡಾ ಸ್ಕಡ್ಡರ್ ಅವರ ಸಂಗತಿ ಹೇಳಿದೆ. ಐಡಾ ಅಮೆರಿಕದವರು. ನೂರು ವರ್ಷಕ್ಕೂ ಹಿಂದಿನ ಮಾತು. ಅವರ ತಂದೆ ತಮಿಳುನಾಡಿನಲ್ಲಿ ಡಾಕ್ಟರು. ಒಂದು ರಾತ್ರಿ ಮೂರು ಮನೆಯವರು ಒಬ್ಬರಾದ ಮೇಲೊಬ್ಬರು ಬಂದರು. ಮೂರೂ ಮನೆಯಲ್ಲಿ ಹೆರಿಗೆ ಕಷ್ಟವಾಗಿತ್ತು. "ನೀವು ಬರ್ರಿ" ಎಂದು ಐಡಾ ಅವರನ್ನು ಕರೆದರು. "ನನಗೆ ವೈದ್ಯ ತಿಳಿಯದು. ನನ್ನ ತಂದೆ ಬರುತ್ತಾರೆ" ಎಂದರು ಐಡಾ. ಗಂಡು ಡಾಕ್ಟರು ಬೇಡ ಎಂದು ಮೂವರೂ ಹಿಂದೆ ಹೋದರು. ಬೆಳಗಾಗುವುದರಲ್ಲಿ ಮೂವರು ಬಾಣಂತಿಯರೂ ಸತ್ತಿದ್ದರು. ಐಡಾ ಅಮೆರಿಕಕ್ಕೆ ಹೋಗಿ ಡಾಕ್ಟರಿಕೆ ಕಲಿತರು. 1900ರಲ್ಲಿ ತಿರುಗಿ ಬಂದರು. ವೆಲ್ಲೂರಿನಲ್ಲಿ ಆಸ್ಪತ್ರೆ ಕಟ್ಟಿದರು. ಹಳ್ಳಿಗಳಿಗೆ ಹೋಗಿ ರಸ್ತೆ ಬದಿಯಲ್ಲೇ ಔಷಧ ಕೊಟ್ಟರು. 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯ ಕಲಿಸುವ ಶಾಲೆ ತೆರೆದರು.

ಕೇಳಿದ ಮೇಲೆ ಒಬ್ಬ ಅಕ್ಕ ಎದ್ದರು. "ನೀವೂ ಒಳಗ ಬರ್ತೀರೇನ್ರಿ?" ಎಂದರು. ಹೋದೆ.

ಅವರಿಗೆ ನಾಟಿ ಮಾಡುವಾಗ ತಲೆ ಸುತ್ತುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ರಕ್ತ ನೋಡಿದರು. ಚೀಟಿಯ ಅಂಕಿಯನ್ನು ಅಕ್ಕ ತಾವೇ ಓದಿದರು. "ಒಂಬತ್ತು!" ಹೆಂಗಸರಿಗೆ ಅದು 12 ಇರಬೇಕು. ಬಸುರಿಗೆ 11 ಆದರೂ ಬೇಕು. ರಕ್ತ ಕೆಂಪಾಗಿರಲು ಕಬ್ಬಿಣದ ಸತ್ವ ಬೇಕು. ಮುಟ್ಟಿನಲ್ಲಿ, ಹೆರಿಗೆಯಲ್ಲಿ ಅದು ಹೋಗುತ್ತದೆ. ಕೊಕ್ಕೆ ಹುಳವೂ ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ.

ಅಕ್ಕನಿಗೆ ಕೆಂಪು ಗುಳಿಗೆ ಕೊಟ್ಟರು. ದಿನಾ ತಿನ್ನಲು ಹೇಳಿದರು.

ಹದಿನೈದು ದಿನದ ಮೇಲೆ ಅವರ ಮನೆಗೆ ಹೋದೆ.

"ಗುಳಿಗೆ ತಿಂತೀರೇನ್ರಿ?"

"ಇಲ್ರಿ. ಮೂರು ದಿನ ತಿಂದೆ. ಸಂಡಾಸ ಕರ್ರಗಾತು. ಹೊಟ್ಟಿ ಕೆಟ್ಟೈತಿ ಅಂತ ಹೆದರಿ ತಿಪ್ಪಿಗೆ ಒಗದೆ."

ತಪ್ಪು ನನ್ನದು. ಆ ದಿನ ಹೊತ್ತು ಮುಳುಗುತ್ತ ಬಂದಿತ್ತು. ಚೀಟಿ ಕೈಗಿತ್ತು ಕಳಿಸಿಬಿಟ್ಟಿದ್ದೆ. ಈ ಗುಳಿಗೆ ತಿಂದರೆ ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂಬ ಒಂದು ಮಾತು ಹೇಳಿರಲಿಲ್ಲ. ಹೇಳಲು ಎಷ್ಟು ಹೊತ್ತು ಬೇಕಿತ್ತು?

ಅಂದು ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಹೊಟ್ಟೆ ತೊಳಸಿದರೆ ಊಟ ಆದ ಮೇಲೆ ತಿನ್ನಿರಿ. ಚಹಾ ಜೊತೆ ಬೇಡ. ಚಹಾ ಕುಡಿದರೆ ಕಬ್ಬಿಣದ ಸತ್ವ ಮೈಗೆ ಸರಿಯಾಗಿ ಹತ್ತುವುದಿಲ್ಲ. ಲಿಂಬೆಹುಳಿ ಹಿಂಡಿಕೊಂಡು ಊಟ ಮಾಡಿರಿ, ಚೆನ್ನಾಗಿ ಹತ್ತುತ್ತದೆ. ನುಗ್ಗೆ ಸೊಪ್ಪು, ಕಾಳಿನ ಪಲ್ಯ ತಿನ್ನಿರಿ. ಹೊಲಕ್ಕೆ ಹೋಗುವಾಗ ಚಪ್ಪಲಿ ಹಾಕಿರಿ. ಕೊಕ್ಕೆ ಹುಳ ಬರಿಗಾಲಿನಿಂದ ಒಳಗೆ ಹೋಗುತ್ತದೆ.

"ಇಷ್ಟ ಏನ್ರಿ?" ಎಂದು ಅಕ್ಕ ನಕ್ಕರು. ಮರುದಿನ ನಾವಿಬ್ಬರೂ ಮತ್ತೆ ಗುಳಿಗೆ ತರಲು ಹೋದೆವು.

ಓದಿ ಹೇಳಿರಿ
ಅಕ್ಕ ಗುಳಿಗೆಯನ್ನು ಯಾಕೆ ಒಗೆದರು?
ಅಕ್ಕನ ಚೀಟಿಯಲ್ಲಿ ಯಾವ ಅಂಕಿ ಇತ್ತು? ನಿಮ್ಮ ಚೀಟಿಯಲ್ಲಿ ಎಷ್ಟಿದೆ? ಬರೆಯಿರಿ.