ಹಗಲು ರಾತ್ರಿಗಳ ಕಾರಣವೂ ಏಕಾದಶಿಯ ಸೂರ್ಯೋದಯವೂ

ಕಳೆದ ಚಾತುರ್ಮಾಸ್ಯದ ಒಂದು ಗುರುವಾರ, ಏಕಾದಶಿಯ ಸಾಯಂಕಾಲ. ನಮ್ಮ ಬಿ.ಜಿ. ಕೆರೆಯಲ್ಲಿ ಪುರಾಣಪ್ರವಚನ ಮುಗಿದು ಮಂಗಳಾರತಿಯಾದ ಬಳಿಕ ವೃದ್ಧ ಮಾತೆಯೊಬ್ಬರು ನನ್ನನ್ನು ಕರೆದು ಕೇಳಿದರು: “ಅಪ್ಪಾ, ನೀನು ಪಾಠಶಾಲೆಯಲ್ಲೂ ಓದಿದವ, ಬಿ.ಎ.ಯನ್ನೂ ಮಾಡಿದವ, ನೀನೇ ಹೇಳು. ಅಮೆರಿಕದಲ್ಲಿರುವ ನನ್ನ ಮಗ ನಿನ್ನೆ ಬುಧವಾರವೇ ಉಪವಾಸ ಮಾಡಿ ಈಗ ಪಾರಣೆಗೆ ಕುಳಿತಿದ್ದಾನಂತೆ. ನಾವು ನಿರ್ಜಲವಾಗಿರುವ ದಿನ ಅವನು ಉಣ್ಣುತ್ತಿದ್ದಾನೆ. ವ್ರತಭಂಗವಾಯಿತಲ್ಲವೇ?” ಎಂದು. ಆ ತಾಯಿಯ ಕಣ್ಣುಗಳಲ್ಲಿ ನೀರಿತ್ತು. ಇದಕ್ಕೆ ಉತ್ತರ ಹೇಳಬೇಕಾದರೆ ಹಗಲು ರಾತ್ರಿಗಳು ಹೇಗೆ ಉಂಟಾಗುತ್ತವೆ ಎಂಬುದನ್ನೇ ಮೊದಲು ವಿಚಾರಿಸಬೇಕು.

ಮನೆಯ ಮಕ್ಕಳನ್ನು ಕೂಡಿಸಿಕೊಂಡು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಿರಿ. ಕತ್ತಲೆಯ ಕೋಣೆಯಲ್ಲಿ ಒಂದೇ ದೀಪವನ್ನು ಹಚ್ಚಿ, ಅದರ ಮುಂದೆ ತೆಂಗಿನಕಾಯಿಯನ್ನು ಜುಟ್ಟು ಮೇಲಾಗಿ ಹಿಡಿಯಿರಿ. ದೀಪದ ಕಡೆಯ ಅರ್ಧ ಬೆಳಗಿರುವುದು, ಹಿಂದಿನ ಅರ್ಧ ಕತ್ತಲಾಗಿರುವುದು. ನಮ್ಮ ಊರೆಂದು ಅದರ ಮೇಲೆ ಒಂದು ಕುಂಕುಮದ ಬೊಟ್ಟಿಟ್ಟು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಯಿಯನ್ನು ಮೆಲ್ಲನೆ ತಿರುಗಿಸಿರಿ. ಬೊಟ್ಟು ಬೆಳಕಿನೊಳಕ್ಕೆ ಬರುವ ಕ್ಷಣವೇ ಉದಯ, ದೀಪಕ್ಕೆ ನೇರವಾದಾಗ ಮಧ್ಯಾಹ್ನ, ಕತ್ತಲೆಗೆ ಜಾರಿದಾಗ ಅಸ್ತ. ದೀಪವು ಅಲುಗಲಿಲ್ಲ, ಕಾಯಿ ತಿರುಗಿತು. ಭೂಮಿಯೂ ಹೀಗೆಯೇ ತನ್ನ ಅಕ್ಷದ ಸುತ್ತ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ. ನಕ್ಷತ್ರಗಳನ್ನು ಅನುಸರಿಸಿ ಎಣಿಸಿದರೆ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡು. ಅಷ್ಟರಲ್ಲಿ ಭೂಮಿಯು ಸೂರ್ಯನ ಸುತ್ತಲೂ ಸ್ವಲ್ಪ ಮುಂದೆ ಸರಿದಿರುವುದರಿಂದ, ಸೂರ್ಯನ ಎದುರಿಗೆ ಮತ್ತೆ ಬರಲು ಇನ್ನೂ ಸುಮಾರು 4 ನಿಮಿಷ ಬೇಕು. ಹೀಗೆ 24 ಗಂಟೆಗಳ, ಅಂದರೆ 60 ಘಳಿಗೆಗಳ, ಒಂದು ಅಹೋರಾತ್ರವಾಗುವುದು.

ಭೂಮಿಯೇ ತಿರುಗುವುದೆಂಬ ಮಾತು ನಮ್ಮ ದೇಶಕ್ಕೆ ಹೊಸದಲ್ಲ. ಕ್ರಿ.ಶ. 499ರ ಕಾಲವನ್ನು ಹೇಳುವ ತನ್ನ ಗ್ರಂಥದಲ್ಲಿ ಆರ್ಯಭಟನು ದೋಣಿಯ ದೃಷ್ಟಾಂತವನ್ನು ಕೊಟ್ಟಿರುವನು. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ಕಾಣುವ ಹಾಗೆ, ನಿಶ್ಚಲವಾದ ನಕ್ಷತ್ರಗಳು ನಮಗೆ ಪಶ್ಚಿಮಕ್ಕೆ ಹೋಗುವಂತೆ ತೋರುವುವು ಎಂಬುದು ಅದರ ಭಾವ. ವರಾಹಮಿಹಿರನು ಇದನ್ನು ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಹಕ್ಕಿಗಳು ಗೂಡಿಗೆ ಹಿಂದಿರುಗುವುದು ಹೇಗೆ ಎಂದು ಆಕ್ಷೇಪಿಸಿದನು. ಆಕ್ಷೇಪವು ಯುಕ್ತವೇ, ಏಕೆಂದರೆ ನಮ್ಮ ಊರಿರುವ ಅಕ್ಷಾಂಶದಲ್ಲಿ ನೆಲವು ಗಂಟೆಗೆ ಸುಮಾರು 1600 ಕಿಲೋಮೀಟರು ವೇಗದಲ್ಲಿ ಪೂರ್ವಕ್ಕೆ ಧಾವಿಸುತ್ತಿದೆ. ಆದರೆ ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ಕುಳಿತು ಅಡಿಕೆಯೊಂದನ್ನು ಮೇಲಕ್ಕೆ ಚಿಮ್ಮಿದರೆ, ಅದು ನಮ್ಮ ಕೈಗೇ ಮರಳುವುದಲ್ಲವೇ? ಬಸ್ಸಿನ ವೇಗವು ಅಡಿಕೆಗೂ ಇರುವಂತೆ, ಭೂಮಿಯ ವೇಗವು ಗಾಳಿಗೂ ಹಕ್ಕಿಗೂ ಇದೆ. ಮುಂದೆ 1851ರಲ್ಲಿ ಪ್ಯಾರಿಸ್ ನಗರದಲ್ಲಿ ಫೂಕೋ ಎಂಬ ವಿಜ್ಞಾನಿಯು ಉದ್ದನೆಯ ತಂತಿಗೆ ಭಾರವಾದ ಗುಂಡನ್ನು ತೂಗುಬಿಟ್ಟು, ಅದು ತೂಗಾಡುವ ದಿಕ್ಕು ನೆಲಕ್ಕೆ ಹೋಲಿಸಿದಾಗ ಮೆಲ್ಲಮೆಲ್ಲನೆ ತಿರುಗುವುದನ್ನು ಜನರಿಗೆ ತೋರಿಸಿಕೊಟ್ಟನು.

ಹಾಗಾದರೆ ಹಗಲು ರಾತ್ರಿಗಳು ಸಮವಾಗಿರುವುದಿಲ್ಲವೇಕೆ? ಭೂಮಿಯ ಅಕ್ಷವು ಸುಮಾರು 23.4 ಅಂಶ ಓರೆಯಾಗಿದೆ. ಜೂನ್ ತಿಂಗಳಿನಲ್ಲಿ ಉತ್ತರಾರ್ಧವು ಸೂರ್ಯನ ಕಡೆಗೆ ಬಾಗಿರುವುದರಿಂದ ಬಿ.ಜಿ. ಕೆರೆಯಲ್ಲಿ ಹಗಲು ಹೆಚ್ಚುಕಡಮೆ 13 ಗಂಟೆ. ಡಿಸೆಂಬರಿನಲ್ಲಿ ಸುಮಾರು ಹನ್ನೊಂದೂಕಾಲು ಗಂಟೆ ಮಾತ್ರ.

ಇನ್ನು ಮುಖ್ಯವಾದ ಅಂಶಕ್ಕೆ ಬರೋಣ. ತಿರುಗುವ ಭೂಮಿಯಲ್ಲಿ ಎಲ್ಲ ಊರುಗಳಿಗೂ ಒಂದೇ ಕ್ಷಣದಲ್ಲಿ ಸೂರ್ಯೋದಯವಾಗದು. ಒಂದು ರೇಖಾಂಶಕ್ಕೆ 4 ನಿಮಿಷದ ಅಂತರ. ಆರು ರೇಖಾಂಶಗಳಿಗೆ ಒಂದು ಘಳಿಗೆ. ವಿಷುವದ ದಿನಗಳಲ್ಲಿ ಮಂತ್ರಾಲಯದಲ್ಲಿ ಸೂರ್ಯನು ನಮಗಿಂತ ಸುಮಾರು 3 ನಿಮಿಷ ಮೊದಲೂ, ಉಡುಪಿಯಲ್ಲಿ ಸುಮಾರು ಏಳೆಂಟು ನಿಮಿಷ ತಡವಾಗಿಯೂ ಉದಯಿಸುವನು. ಕೈಗಡಿಯಾರವು ಮೂರೂ ಕಡೆ ಒಂದೇ ವೇಳೆಯನ್ನು ತೋರಿಸುವುದು ಅನುಕೂಲಕ್ಕಾಗಿ 82.5 ಅಂಶ ಪೂರ್ವರೇಖಾಂಶವನ್ನು ದೇಶಕ್ಕೆಲ್ಲ ಪ್ರಮಾಣವಾಗಿ ಇಟ್ಟುಕೊಂಡಿರುವುದರಿಂದ. ಸೂರ್ಯನು ಆ ಗಡಿಯಾರವನ್ನು ನೋಡಿ ಉದಯಿಸುವವನಲ್ಲ.

ನಮ್ಮ ಹಿರಿಯರಿಗೆ ಈ ಭೇದವು ತಿಳಿದಿತ್ತು. ಶ್ರೀಮದ್ಭಾಗವತದ ಪಂಚಮಸ್ಕಂಧದಲ್ಲಿ, ಮೇರುವಿನ ನಾಲ್ಕು ದಿಕ್ಕುಗಳ ಪುರಿಗಳಲ್ಲಿ ಉದಯ, ಮಧ್ಯಾಹ್ನ, ಅಸ್ತ, ಮಧ್ಯರಾತ್ರಿಗಳು ಬೇರೆ ಬೇರೆಯಾಗಿ ಆಗುವುದನ್ನು ವರ್ಣಿಸಲಾಗಿದೆ. ಸೂರ್ಯನು ವಸ್ತುತಃ ಉದಯಿಸುವುದೂ ಇಲ್ಲ, ಅಸ್ತಮಿಸುವುದೂ ಇಲ್ಲ ಎಂಬ ಅಭಿಪ್ರಾಯವು ಐತರೇಯ ಬ್ರಾಹ್ಮಣದಲ್ಲಿದೆ. ಇಷ್ಟರಿಂದಲೇ ಭೂಭ್ರಮಣವನ್ನು ಅಲ್ಲಿ ಹೇಳಿದೆಯೆಂದು ವಾಕ್ಯಗಳನ್ನು ಎಳೆದಾಡುವುದು ಸಲ್ಲದು. ಒಬ್ಬರ ಹಗಲು ಮತ್ತೊಬ್ಬರ ರಾತ್ರಿಯಾಗಿರಬಹುದು ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಈಗ ಆ ತಾಯಿಯ ಪ್ರಶ್ನೆ. ತಿಥಿಯೆಂಬುದು ಸೂರ್ಯಚಂದ್ರರ ನಡುವಣ ಅಂತರದಿಂದ ಆಗುವುದರಿಂದ, ಅದು ಭೂಮಿಗೆಲ್ಲ ಒಂದೇ ಕ್ಷಣದಲ್ಲಿ ಮೊದಲಾಗಿ ಒಂದೇ ಕ್ಷಣದಲ್ಲಿ ಮುಗಿಯುವುದು. ಸೂರ್ಯೋದಯವಾದರೋ ಆಯಾ ಊರಿನದು. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ದಶಮೀವೇಧವುಳ್ಳ ಏಕಾದಶಿಯನ್ನು ನಿಷೇಧಿಸಿರುವರು. ಆ ವೇಧವನ್ನು ನೋಡುವುದು ಅರುಣೋದಯದಲ್ಲಿ, ಅಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ, 96 ನಿಮಿಷ, ಮೊದಲು. ಏಕಾದಶಿಯು ನಮ್ಮ ಬುಧವಾರ ಮಧ್ಯಾಹ್ನ 1 ಗಂಟೆಗೆ ಬಂದು ಗುರುವಾರ ಮಧ್ಯಾಹ್ನ 1 ಗಂಟೆಗೆ ಮುಗಿಯಿತೆಂದು ಇಟ್ಟುಕೊಳ್ಳೋಣ. ನಮಗೆ ಗುರುವಾರದ ಅರುಣೋದಯದಲ್ಲಿ ಶುದ್ಧ ಏಕಾದಶಿ. ಬೇಸಿಗೆಯ ಗಡಿಯಾರದಂತೆ ನ್ಯೂಯಾರ್ಕ್ ನಗರವು ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ಅದೇ ಏಕಾದಶಿಯು ಬುಧವಾರ ಬೆಳಗಿನ ಜಾವ 3-30ಕ್ಕೆ, ಅರುಣೋದಯಕ್ಕೆ ಮೊದಲೇ ಬಂದು, ಗುರುವಾರ ಬೆಳಗಿನ ಜಾವ 3-30ಕ್ಕೆ ಮುಗಿಯುವುದು. ಆದುದರಿಂದ ಅಲ್ಲಿ ಬುಧವಾರ ಉಪವಾಸ, ಗುರುವಾರ ದ್ವಾದಶೀ ಪಾರಣೆ. ಮಗನು ಆಚರಿಸಿದುದು ಅದೇ ಏಕಾದಶಿಯನ್ನು, ತನ್ನ ಊರಿನ ಸೂರ್ಯೋದಯದಂತೆ. ಬೇರೆಯಾದುದು ವಾರದ ಹೆಸರು ಮಾತ್ರ.

ಈ ಎಚ್ಚರವು ವಿದೇಶದವರಿಗಷ್ಟೇ ಅಲ್ಲ, ನಮಗೂ ಬೇಕು. ಉಡುಪಿಯಲ್ಲಿ ಸೂರ್ಯೋದಯವಾದ ಮೇಲೆ ದ್ವಾದಶಿಯು 10 ನಿಮಿಷ ಮಾತ್ರ ಉಳಿದಿದ್ದರೆ, ನಮ್ಮಲ್ಲಿ ಹದಿನೇಳು ಹದಿನೆಂಟು ನಿಮಿಷ ದೊರೆಯಬಹುದು. ಇಲ್ಲಿಯ ಲೆಕ್ಕವನ್ನು ನಂಬಿ ಉಡುಪಿಯಲ್ಲಿ ಪಾರಣೆಗೆ ಕುಳಿತವರಿಗೆ ಕಾಲ ಮೀರಬಹುದು. ಪಂಚಾಂಗವನ್ನು ತೆರೆದೊಡನೆ ಅದು ಯಾವ ಊರಿನ ಸೂರ್ಯೋದಯಕ್ಕೆ ಗಣಿತವಾಗಿದೆ ಎಂಬುದನ್ನು ಮೊದಲು ನೋಡತಕ್ಕದ್ದು. ಗಣಿತಪದ್ಧತಿಯ ಭೇದದಿಂದ ಸಂದೇಹ ಬಂದಲ್ಲಿ ಅವರವರ ಮಠದ ನಿರ್ಣಯವೇ ಪ್ರಮಾಣ.

ಇದನ್ನೆಲ್ಲ ಆ ದಿನ ದೇವರ ಮುಂದಿನ ದೀಪ ಮತ್ತು ಒಂದು ತೆಂಗಿನಕಾಯಿಯಿಂದಲೇ ಅವರಿಗೆ ತೋರಿಸಿದೆನು. ನೋಡಿ ಮುಗಿಸಿ, “ಹಾಗಾದರೆ ನನ್ನ ಮಗ ಏಕಾದಶಿ ಬಿಟ್ಟಿಲ್ಲ” ಎಂದು ಕಣ್ಣೊರೆಸಿಕೊಂಡು ಮನೆಗೆ ಹೊರಟರು. ದೂರದಲ್ಲಿ ಮಕ್ಕಳಿರುವ ಎಲ್ಲ ತಂದೆತಾಯಿಗಳೂ ಇದನ್ನು ಮನಗಂಡು ನಿಶ್ಚಿಂತರಾಗಲಿ.

ಶ್ರೀಕೃಷ್ಣಾರ್ಪಣಮಸ್ತು.