ಕುದುರೆ ಸಾಗಣೆಗೆ ಹಳೆಯ ಲಾರಿಯನ್ನು ಆರಿಸುವ ಕ್ರಮ

ಟಿಪ್ಪೂ ಸುಲ್ತಾನನ ಕಾಲದಲ್ಲಿ ಕುಣಿಗಲಿನಲ್ಲಿ ದಂಡಿಗಾಗಿ ಕುದುರೆಗಳನ್ನು ಬೆಳೆಸುತ್ತಿದ್ದರು. ಆಗ ಕುದುರೆಯು ತನ್ನ ಕಾಲ ಮೇಲೆಯೇ ಊರೂರಿಗೆ ಹೋಗುತ್ತಿತ್ತು. ಈಗ ಲಾರಿಯಲ್ಲಿ ಹೋಗುತ್ತದೆ. ಚೇಳೂರು ಸುತ್ತಿನ ಜಮೀನುದಾರರು ಇದಕ್ಕಾಗಿ ಹಳೆಯ ಲಾರಿಯನ್ನು ಕೊಳ್ಳುವುದಾದರೆ ಇಂಜಿನಿಗಿಂತ ಮೊದಲು ತಳದ ಹಲಗೆಗಳನ್ನು ಪರೀಕ್ಷಿಸತಕ್ಕದ್ದು. ಇಂಜಿನು ಕೆಟ್ಟರೆ ಲಾರಿಯು ದಾರಿಯಲ್ಲಿ ನಿಲ್ಲುವುದು. ಹಲಗೆ ಮುರಿದರೆ ಕುದುರೆಯ ಕಾಲೇ ಮುರಿಯುವುದು. ಕಾಲು ಮುರಿದ ಕುದುರೆ ಉಳಿಯುವುದು ವಿರಳ.

ಉಪ್ಪು, ರಾಸಾಯನಿಕ ಗೊಬ್ಬರ ಹೊತ್ತ ಲಾರಿಗಳ ಕಬ್ಬಿಣವನ್ನು ತುಕ್ಕು ಒಳಗೊಳಗೇ ತಿಂದಿರುವುದುಂಟು. ಆದಕಾರಣ ಲಾರಿಯ ಅಡಿಗೆ ಇಳಿದು ಚಾಸಿಯನ್ನು ಸುತ್ತಿಗೆಯಿಂದ ತಟ್ಟಿಯೂ ಹಲಗೆಗಳನ್ನು ಚೂಪಾದ ಮೊಳೆಯಿಂದ ಚುಚ್ಚಿಯೂ ನೋಡಬೇಕು. ಮೊಳೆ ಸಲೀಸಾಗಿ ಇಳಿದರೆ ಮರ ಕೊಳೆತಿದೆಯೆಂದು ತಿಳಿಯತಕ್ಕದ್ದು. ಹೊಸ ಬಣ್ಣ ಬಳಿದ ಜಾಗವನ್ನೇ ಹೆಚ್ಚು ಶಂಕಿಸಬೇಕು.

ಪ್ರಾಯದ ಕುದುರೆ ನಾಲ್ಕೈದು ನೂರು ಕಿಲೋ ತೂಗುವುದು. ತಿರುವಿನಲ್ಲಿ ಈ ಭಾರವೆಲ್ಲ ಒಂದೇ ಕಡೆಗೆ ವಾಲುವುದು. ಸ್ಪ್ರಿಂಗಿನ ಪಟ್ಟಿ ಬಿರಿದ ಲಾರಿ ಎಷ್ಟು ಅಗ್ಗವಾದರೂ ಬೇಡ.

1978ರ ಪ್ರಾಣಿ ಸಾಗಣೆ ನಿಯಮಗಳಂತೆ ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ಕುದುರೆಗಳು ಕೂಡದು. ನೆಲ ಜಾರದಂತಿರಬೇಕು, ಕುದುರೆ ಕುದುರೆಗಳ ನಡುವೆ ಕನಿಷ್ಠ 8 ಸೆಂಟಿಮೀಟರು ದಪ್ಪದ ಬಿದಿರಿನ ಗಳುಗಳನ್ನು ಕಟ್ಟಬೇಕು. ಎದುರು ವಾಹನಗಳಿಗೆ ಬೆದರದಂತೆ ಅವುಗಳ ತಲೆ ಎಡಕ್ಕಿರಬೇಕು. ಇಷ್ಟಕ್ಕೆ ಸ್ಥಳವುಂಟೇ ಎಂದು ಕೊಳ್ಳುವ ಮುನ್ನವೇ ಅಳೆದು ನೋಡತಕ್ಕದ್ದು.

ಲಾರಿಯ ರೂಪವನ್ನು ಬದಲಿಸಲು ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಚಾಸಿಯ ನಂಬರು ಕಾಗದದ ನಂಬರಿಗೆ ತಾಳೆಯಾದ ಮೇಲೆಯೇ ಮುಂಗಡವನ್ನು ಕೊಡತಕ್ಕದ್ದು.