ರೀಲ್ಸ್‌ನಲ್ಲಿ ಕಂಡವರಿಗೆ ಮತ ಹಾಕಬಹುದೇ?

(ಕಿರು ಕ್ರೈಸ್ತ ಸಮುದಾಯಗಳ ಮತ್ತು ಯುವಜನರ ಅಧ್ಯಯನಕ್ಕೆ. ಓದಬೇಕಾದ ಭಾಗಗಳು: ನ್ಯಾಯಸ್ಥಾಪಕರು 9:1-15, ವಿಮೋಚನಾಕಾಂಡ 18:13-26)



ಯೂಟ್ಯೂಬ್, ಇನ್‌ಸ್ಟಾಗ್ರಾಂಗಳಲ್ಲಿ ಹೆಸರು ಮಾಡಿದವರು ಚುನಾವಣೆಗೆ ನಿಂತರೆ ಅವರನ್ನು ನಂಬಬಹುದೇ ಎಂದು ಯುವಕರು ಕೇಳುತ್ತಾರೆ. ಹಿರಿಯರಲ್ಲಿ ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಇಂಥವರು ಈಗ ಗೆಲ್ಲುತ್ತಲೂ ಇದ್ದಾರೆ. ಆದ್ದರಿಂದ ಈ ಪ್ರಶ್ನೆಯನ್ನು ಸಾವಧಾನವಾಗಿ ನೋಡೋಣ.

ಸೈಪ್ರಸ್ ಎಂಬ ಪುಟ್ಟ ದ್ವೀಪರಾಷ್ಟ್ರಕ್ಕೆ ಯುರೋಪಿನ ಸಂಸತ್ತಿನಲ್ಲಿ ಇರುವುದು 6 ಸ್ಥಾನ. 2024ರ ಜೂನ್‌ನಲ್ಲಿ ಅವುಗಳಲ್ಲಿ ಒಂದನ್ನು ಗೆದ್ದವನು ಫಿಡಿಯಾಸ್ ಪನಾಯಿಯೋಟು ಎಂಬ 24 ವರ್ಷದ ಯೂಟ್ಯೂಬರ್. ಅವನಿಗೆ ಪಕ್ಷವಿರಲಿಲ್ಲ. ರಾಜಕೀಯದ ಅನುಭವವೂ ಇರಲಿಲ್ಲ, ಅದನ್ನು ಅವನು ಮುಚ್ಚಿಡಲೂ ಇಲ್ಲ. ಎಲಾನ್ ಮಸ್ಕ್ ಅವರನ್ನು ಅಪ್ಪಿಕೊಳ್ಳಬೇಕೆಂದು ಹಟ ಹಿಡಿದು ಹಿಂದೆ ಬಿದ್ದು, ಕೊನೆಗೂ ಅಪ್ಪಿಕೊಂಡದ್ದು ಅವನ ಪ್ರಸಿದ್ಧ ವಿಡಿಯೊಗಳಲ್ಲೊಂದು. ಜಪಾನಿನಲ್ಲಿ ಟಿಕೆಟ್ ಇಲ್ಲದೆ ರೈಲು ಪ್ರಯಾಣ ಮಾಡಿ, ಜನ ಸಿಟ್ಟಾದ ಮೇಲೆ ಕ್ಷಮೆ ಕೇಳಿದ್ದೂ ಇದೆ. ಇಂಥವನಿಗೆ ಶೇಕಡಾ 19ಕ್ಕಿಂತ ಹೆಚ್ಚು ಮತ ಬಂತು. ಹಳೆಯ ಎರಡು ದೊಡ್ಡ ಪಕ್ಷಗಳ ನಂತರದ ಸ್ಥಾನ ಅವನದೇ.

ಸೈಪ್ರಸ್‌ನವರು ದಡ್ಡರೆಂದು ನಾವು ತೀರ್ಮಾನಿಸಬೇಕಿಲ್ಲ. ಹಳೆಯ ಪಕ್ಷಗಳು ತಮ್ಮ ಮಾತನ್ನು ಕೇಳುತ್ತಿಲ್ಲ ಎಂಬ ಬೇಸರ ಅಲ್ಲಿನ ಜನರಲ್ಲಿ, ಅದರಲ್ಲೂ ಯುವಕರಲ್ಲಿ ಇತ್ತು. ಸಂಸತ್ತು ಹೇಗೆ ನಡೆಯುತ್ತದೆ, ಸದಸ್ಯರಿಗೆ ಸಂಬಳವೆಷ್ಟು ಎಂಬುದನ್ನು ಗೆದ್ದ ಮೇಲೆ ಅವನು ವಿಡಿಯೊ ಮಾಡಿ ತೋರಿಸಿದ. ಇದು ಒಳ್ಳೆಯ ಕೆಲಸವೇ. ಆದರೆ ತಾನು ಯಾವ ಕಡೆಗೆ ಮತ ಹಾಕಬೇಕೆಂದು ಜಾಲತಾಣದಲ್ಲಿ ಹಿಂಬಾಲಕರನ್ನೇ ಕೇಳುವುದನ್ನು ಮಾತ್ರ ನಾನು ಒಪ್ಪಲಾರೆ. ಅವನ ಚಾನೆಲ್‌ಗೆ 20 ಲಕ್ಷಕ್ಕೂ ಹೆಚ್ಚು ಚಂದಾದಾರರು. ಅವನಿಗೆ ಬಿದ್ದ ಮತಗಳು ಸುಮಾರು 71,000. ಹಾಗಾದರೆ ಉಳಿದವರು ಯಾರು? ಬಹುಪಾಲು ಬೇರೆ ದೇಶಗಳವರು. ಕಾನೂನು ಜಾರಿಯಾದರೆ ಅದರ ಭಾರ ಹೊರುವವರು ಅವರಲ್ಲ. ಪ್ರತಿನಿಧಿಯಾದವನು ಕಡತ ಓದಬೇಕು, ವಿರೋಧಿಸುವವರ ಮಾತು ಕೇಳಬೇಕು, ಆಮೇಲೆ ತನ್ನ ಮನಸ್ಸಾಕ್ಷಿಯಂತೆ ನಿರ್ಧರಿಸಿ ಅದಕ್ಕೆ ಉತ್ತರ ಕೊಡಬೇಕು. ಅದಕ್ಕಾಗಿಯೇ ಅವನನ್ನು ಕಳುಹಿಸುವುದು.

ಹಿಂಬಾಲಕರೆಲ್ಲ ಮತದಾರರಲ್ಲ ಎಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನವಿದೆ. 2024ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯಲ್ಲಿ ಮುಂಬಯಿಯ ವರ್ಸೋವಾದಿಂದ ನಿಂತ ನಟ ಎಜಾಜ್ ಖಾನ್ ಅವರಿಗೆ ಇನ್‌ಸ್ಟಾಗ್ರಾಂನಲ್ಲಿ 50 ಲಕ್ಷಕ್ಕೂ ಮಿಕ್ಕಿ ಹಿಂಬಾಲಕರಿದ್ದರು. ಬಿದ್ದ ಮತ 155. ಅಲ್ಲಿ ನೋಟಾಕ್ಕೇ ಅದರ ಹಲವು ಪಟ್ಟು ಮತ ಬಿದ್ದಿತ್ತು.

ಇನ್ನೊಂದು ಕಥೆ ತೆಲಂಗಾಣದ್ದು. ಕರ್ನೆ ಶಿರೀಷಾ ಎಂಬ ಬಡ ಮನೆಯ ಯುವತಿ, ಡಿಗ್ರಿ ಓದಿಯೂ ಕೆಲಸ ಸಿಗದೆ ಎಮ್ಮೆ ಕಾಯುತ್ತಿದ್ದೇನೆ ಎಂದು ಒಂದು ವಿಡಿಯೊ ಮಾಡಿದಳು. ಅದು ಹಬ್ಬಿತು, ಜನ ‘ಬರ್ರೆಲಕ್ಕ’ ಎಂದು ಕರೆದರು. ಬರ್ರೆ ಎಂದರೆ ತೆಲುಗಿನಲ್ಲಿ ಎಮ್ಮೆ. ವಿಡಿಯೊಗಾಗಿ ಪೊಲೀಸ್ ಕೇಸೂ ಆಯಿತು. 2023ರಲ್ಲಿ ಕೊಲ್ಲಾಪುರ ಕ್ಷೇತ್ರದಿಂದ ಪಕ್ಷೇತರಳಾಗಿ ನಿಂತು 5,754 ಮತ ಪಡೆದಳು. ಸೋತಳು, ಠೇವಣಿಯೂ ಹೋಯಿತು. ಆದರೂ ಇವಳನ್ನು ಮೇಲಿನವರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅವಳ ಪ್ರಸಿದ್ಧಿ ಹುಟ್ಟಿದ್ದೇ ಒಂದು ಸಾರ್ವಜನಿಕ ಸಂಕಟದಿಂದ. ನಿರುದ್ಯೋಗ ಆ ಕ್ಷೇತ್ರದ ಪ್ರತಿ ಮನೆಯ ವಿಷಯ.

ಸಿನಿಮಾದವರು ಮುಖ್ಯಮಂತ್ರಿಗಳಾಗಿಲ್ಲವೇ ಎಂದು ಕೆಲವರು ಕೇಳಬಹುದು. ಆಗಿದ್ದಾರೆ. ಎನ್.ಟಿ. ರಾಮರಾವ್ 1982ರಲ್ಲಿ ಪಕ್ಷ ಕಟ್ಟಿ ಮರುವರ್ಷವೇ ಗೆದ್ದರು. ಆದರೆ ಎಂ.ಜಿ. ರಾಮಚಂದ್ರನ್ 1977ರಲ್ಲಿ ಮುಖ್ಯಮಂತ್ರಿಯಾಗುವ ಮೊದಲು ಎರಡು ದಶಕಕ್ಕೂ ಹೆಚ್ಚು ಕಾಲ ಪಕ್ಷಗಳಲ್ಲಿ ದುಡಿದಿದ್ದರು, ಶಾಸಕರೂ ಆಗಿದ್ದರು. ನಮ್ಮ ಡಾ. ರಾಜಕುಮಾರ್ ಗೋಕಾಕ್ ಚಳವಳಿಗೆ ಇಳಿದರೂ ಚುನಾವಣೆಗೆ ಮಾತ್ರ ನಿಲ್ಲಲಿಲ್ಲ.

ಈಗ ಬೈಬಲ್ ತೆರೆಯೋಣ. ಗಿದ್ಯೋನನ ಮಗ ಅಬೀಮೆಲೆಕನು ಶೆಕೆಮಿನವರ ಬಳಿ ಹೋದದ್ದು ತಾಯಿಯ ಕಡೆಯ ನಂಟನ್ನು ಹಿಡಿದುಕೊಂಡು. ‘ಇವನು ನಮ್ಮವನು’ ಎಂದು ಅವರು ಮರುಳಾದರು, ಗುಡಿಯ ಬೊಕ್ಕಸದಿಂದ 70 ಬೆಳ್ಳಿ ನಾಣ್ಯ ಕೊಟ್ಟರು. ಆ ಹಣದಿಂದ ಅವನು ಪುಂಡರನ್ನು ಕೂಲಿಗೆ ಹಿಡಿದು ತನ್ನ ಹಿಂದೆ ಕಟ್ಟಿಕೊಂಡನು. ದುಡ್ಡಿಗೆ ಹಿಂಬಾಲಕರನ್ನು ಪಡೆಯುವ ವಿದ್ಯೆ ಇಂದಿನದಲ್ಲ, ನೋಡಿ! ಆಗ ಯೋತಾಮನು ಬೆಟ್ಟದ ಮೇಲೆ ನಿಂತು ಮರಗಳ ಸಾಮತಿ ಹೇಳಿದನು. ಓಲಿವ್, ಅಂಜೂರ, ದ್ರಾಕ್ಷಿ ಮೂರೂ ಅರಸುತನ ಬೇಡವೆಂದವು, ಏಕೆಂದರೆ ಅವುಗಳಿಗೆ ಕೊಡುವ ಫಲವಿತ್ತು. ಒಪ್ಪಿದ್ದು ಮುಳ್ಳಿನ ಪೊದೆ. ನನ್ನ ನೆರಳಿಗೆ ಬನ್ನಿ ಎಂದು ಅದು ಕರೆಯಿತು. ಮುಳ್ಳುಪೊದೆಗೆ ನೆರಳೆಲ್ಲಿಯದು? ಯೋತಾಮನ ಚುಚ್ಚುಮಾತು ಪೊದೆಗೆ ಮಾತ್ರವಲ್ಲ, ಅದನ್ನು ಕರೆದ ಮರಗಳಿಗೂ ತಗಲುತ್ತದೆ. ಬೇಡವೆಂದ ಒಳ್ಳೆಯ ಮರಗಳನ್ನೂ ಬಿಡುವಂತಿಲ್ಲ. ಯೋಗ್ಯತೆಯುಳ್ಳವರು ರಾಜಕೀಯವೆಂಬ ಕಷ್ಟದ ಆದರೆ ಘನವಾದ ಕೆಲಸಕ್ಕೆ ತಮ್ಮನ್ನು ಸಿದ್ಧಪಡಿಸಿಕೊಳ್ಳಬೇಕೆಂದು 2ನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು (ಗೌದಿಯುಮ್ ಎತ್ ಸ್ಪೆಸ್, 75). ನಮ್ಮ ಮನೆಗಳಲ್ಲಿ ‘ಆ ಗಲೀಜು ನಮಗೆ ಬೇಡ’ ಎನ್ನುವವರು ಇದನ್ನು ಓದಬೇಕು.

ಮೋಶೆಯ ಮಾವ ಇತ್ರೋ ಹೇಳಿದ ಅಳತೆಗೋಲು ಇದಕ್ಕಿಂತ ಸರಳ. ಸಮರ್ಥರು, ದೇವರಿಗೆ ಅಂಜುವವರು, ನಂಬಿಕೆಗೆ ಅರ್ಹರು, ಲಂಚಕ್ಕೆ ಹೇಸುವವರು. ಇಂಥವರಿಗೆ ಸಾವಿರ, ನೂರು, ಐವತ್ತು, ಹತ್ತು ಜನರ ಹೊಣೆ. ಹೆಸರುವಾಸಿಯಾಗಿರಬೇಕೆಂದು ಅವನು ಹೇಳಲಿಲ್ಲ, ಇರಬಾರದೆಂದೂ ಹೇಳಲಿಲ್ಲ. ಆದ್ದರಿಂದ ಜಾಲತಾಣದ ಪ್ರಸಿದ್ಧಿ ಯಾರನ್ನೂ ಅನರ್ಹರನ್ನಾಗಿ ಮಾಡುವುದಿಲ್ಲ. ಅಷ್ಟರಿಂದಲೇ ಅರ್ಹತೆ ಬರುವುದೂ ಇಲ್ಲ.

ಕಾಸರಗೋಡಿನ ನಮಗೆ ಇದು ದೂರದ ಮಾತಲ್ಲ. ಮನೆಯಲ್ಲಿ ಕೊಂಕಣಿ, ಪೂಜೆಗೆ ಕನ್ನಡ, ಆಫೀಸಿಗೆ ಮಲಯಾಳ ಎಂಬುದು ನಮ್ಮ ಬದುಕು. ಭಾಷಾ ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಬೆಂಬಲವಿದೆ. ಆದರೂ ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಬೀದಿಗಿಳಿಯಬೇಕಾಗಿ ಬಂದದ್ದು ನಿಮಗೆ ನೆನಪಿದೆ. ಅಂಥ ಹೊತ್ತಿನಲ್ಲಿ ಕನ್ನಡದಲ್ಲಿ ಒಂದು ಖಾರದ ವಿಡಿಯೊ ಬಿಡುವುದು ಸುಲಭ, ನಮಗೂ ಅದು ಹಿತವಾಗಿರುತ್ತದೆ. ಹುದ್ದೆಯ ಕಡತ ಯಾವ ಮೇಜಿನ ಮೇಲೆ ನಿಂತಿದೆ ಎಂದು ಹುಡುಕಿ, ಆರು ತಿಂಗಳು ಅದರ ಹಿಂದೆ ಓಡಾಡುವವರು ಬೇಕು. ಪಂಚಾಯತಿನಲ್ಲಿ ಗ್ರಾಮಸಭೆಯ ಸಂಚಾಲಕರು ವಾರ್ಡಿನ ಸದಸ್ಯರೇ. ಅಲ್ಲಿ ನಿಮ್ಮ ದೂರನ್ನು ಕೂತು ಕೇಳಬೇಕು, ಅರ್ಧದಲ್ಲಿ ಸ್ಕ್ರೋಲ್ ಮಾಡಲಾಗದು.

ವಿಧಾನಸಭೆಗೋ ಲೋಕಸಭೆಗೋ ನಿಂತವರ ಪ್ರಮಾಣಪತ್ರ, ಅಂದರೆ ಫಾರಂ 26, ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅವರ ಆಸ್ತಿ, ಸಾಲ, ಶಿಕ್ಷಣ, ಕ್ರಿಮಿನಲ್ ಪ್ರಕರಣಗಳ ಜೊತೆಗೆ ಜಾಲತಾಣ ಖಾತೆಗಳ ವಿವರವೂ ಅದರಲ್ಲಿರುತ್ತದೆ. ಮುಂದಿನ ಸಭೆಗೆ ಕಳೆದ ಚುನಾವಣೆಯ ಯಾರಾದರೂ ಇಬ್ಬರ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬನ್ನಿ. ಇವುಗಳನ್ನು ಚರ್ಚಿಸೋಣ: ಕ್ಯಾಮೆರಾ ಇಲ್ಲದ ಕಡೆ ಈ ವ್ಯಕ್ತಿ ಏನು ಮಾಡಿದ್ದಾರೆ? ತನ್ನ ಹಿಂಬಾಲಕರಿಗೆ ಇಷ್ಟವಾಗದ ಮಾತನ್ನು ಒಮ್ಮೆಯಾದರೂ ಹೇಳಿದ್ದಾರೆಯೇ? ನಮ್ಮ ಧರ್ಮಕೇಂದ್ರದಲ್ಲಿ 21 ದಾಟಿದ ಯಾರನ್ನು ಪಂಚಾಯತಿಗೆ ನಿಲ್ಲು ಎಂದು ಕೇಳಬಹುದು, ಅವರು ಬೇಡವೆಂದರೆ ಯಾವ ಕಾರಣ ಕೊಡುತ್ತಾರೆ?